ಕಂಡದ್ದಕ್ಕೆ ಕಾರ್ಡ್, ಕೇಳಿದ್ದಕ್ಕೆ ವರದಿ

ಪತ್ರ: ಅಂತರಶಾಲಾ ಫುಟ್‌ಬಾಲ್ ಪಂದ್ಯಕ್ಕೆ ನಾನು ರೆಫರಿಯಾಗಿದ್ದೆ. ಎದುರಾಳಿ ಹುಡುಗನೊಬ್ಬ ತಮ್ಮ ಆಟಗಾರನನ್ನು ಹೀನಾಯವಾಗಿ ನಿಂದಿಸಿದನೆಂದು ಸೋಲುತ್ತಿದ್ದ ತಂಡದ ಕೋಚ್ ದೂರಿದರು. ನನಗೆ ಅದು ಕೇಳಿಸಿರಲಿಲ್ಲ. ಎಲ್ಲರೆದುರು ಹುಡುಗನನ್ನು ವಿಚಾರಿಸಿದೆ; ಅವನು ಅಲ್ಲಗಳೆದ. ಕಾರ್ಡ್ ತೋರಿಸಲಿಲ್ಲ, ವರದಿಯಲ್ಲೂ ಬರೆಯಲಿಲ್ಲ. ಈಗ ಪೋಷಕರು ನನ್ನನ್ನು ಪಕ್ಷಪಾತಿ ಎನ್ನುತ್ತಿದ್ದಾರೆ. ನಾನು ಮಾಡಿದ್ದು ತಪ್ಪೇ?
– ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ

ಸಂಪಾದಕರ ಉತ್ತರ: ಕಾರ್ಡ್ ತೋರಿಸದೆ ಇದ್ದುದಕ್ಕೆ ಮೊದಲು ನಿಮ್ಮನ್ನು ಅಭಿನಂದಿಸುತ್ತೇನೆ. ನೊಂದ ಮಗುವಿಗೆ ಸಾಕ್ಷಿ ಸಿಗುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ಆದರೆ ಫುಟ್‌ಬಾಲ್‌ನ 5ನೇ ನಿಯಮದ ಪ್ರಕಾರ, ತಾನು ಕಾಣದ ಘಟನೆಯ ಬಗ್ಗೆ ರೆಫರಿ ಕ್ರಮ ಕೈಗೊಳ್ಳಬಹುದಾದದ್ದು ಇತರ ಪಂದ್ಯಾಧಿಕಾರಿಗಳ ಮಾತಿನ ಮೇಲೆಯೇ ಹೊರತು ಕೋಚ್‌ನ ಮಾತಿನ ಮೇಲಲ್ಲ, ಗ್ಯಾಲರಿಯ ಕೂಗಿನ ಮೇಲಂತೂ ಅಲ್ಲವೇ ಅಲ್ಲ. ಹಿಂದೊಮ್ಮೆ ಗುಂಪಿನ ಕೂಗಿಗೆ ಮಣಿದು ನಾನೇ ಒಬ್ಬ ಹುಡುಗನನ್ನು ಹೊರಗೆ ಕಳುಹಿಸಿದ್ದೆ. ಒದ್ದವನು ಬೇರೊಬ್ಬನೆಂದು ತಿಳಿಯುವ ಹೊತ್ತಿಗೆ ಪಂದ್ಯ ಮುಗಿದಿತ್ತು.

1962ರ ವಿಶ್ವಕಪ್‌ನಲ್ಲಿ ಚಿಲಿ–ಇಟಲಿ ಪಂದ್ಯದ ರೆಫರಿಯಾಗಿದ್ದವರು ಕೆನ್ ಆ್ಯಸ್ಟನ್. ಅವರು ಇಟಲಿಯ ಇಬ್ಬರನ್ನು ಹೊರಹಾಕಿದರು. ಆದರೆ ಇಟಲಿಯ ಆಟಗಾರ ಮಾಸ್ಕಿಯೊ ಅವರ ಮೂಗು ಮುರಿದ ಚಿಲಿಯ ಸಾಂಚೆಜ್ ಕೊನೆಯವರೆಗೂ ಮೈದಾನದಲ್ಲೇ ಇದ್ದರು. ಅನ್ಯಾಯವೇ ಸರಿ. ಆದರೂ ಮೈದಾನದ ನಡುವೆ ಒಂದೇ ಜೋಡಿ ಕಣ್ಣಿಟ್ಟುಕೊಂಡು ಓಡುವವನ ಮೇಲೆ ನನಗೆ ಕನಿಕರವೇ ಹೆಚ್ಚು. 1970ರಲ್ಲಿ ವಿಶ್ವಕಪ್‌ಗೆ ಬಂದ ಹಳದಿ, ಕೆಂಪು ಕಾರ್ಡ್‌ಗಳು ಇದೇ ಆ್ಯಸ್ಟನ್ ಅವರ ಕಲ್ಪನೆ. ವೃತ್ತಿಯಿಂದ ಅವರೂ ನಿಮ್ಮಂತೆ ಶಿಕ್ಷಕರೇ.

ಇನ್ನು ಸ್ವಲ್ಪ ಗದರಿಕೆ. ಹದಿಹರೆಯದ ಹುಡುಗನನ್ನು ಎರಡೂ ತಂಡಗಳ ಎದುರು ನಿಲ್ಲಿಸಿ ಕೇಳಿದರೆ ಅವನು ಅಲ್ಲಗಳೆಯದೆ ಇನ್ನೇನು ಮಾಡಿಯಾನು? ತಪ್ಪಿಲ್ಲದಿದ್ದರೂ ಕಳಂಕವಂತೂ ಅಂಟಿತು. ವರದಿಯಲ್ಲಿ ಮೌನವಾಗಿದ್ದುದು ಅದಕ್ಕಿಂತ ದೊಡ್ಡ ತಪ್ಪು. ಶಿಸ್ತುಕ್ರಮಗಳ ಜೊತೆಗೆ ಪಂದ್ಯದ ಮೊದಲು, ನಡುವೆ ಮತ್ತು ನಂತರ ನಡೆದ ಇತರ ಘಟನೆಗಳನ್ನೂ ತಿಳಿಸಬೇಕೆಂದು ಅದೇ 5ನೇ ನಿಯಮ ಹೇಳುತ್ತದೆ. ದೂರು ಬಂದದ್ದೂ ಒಂದು ಘಟನೆಯೇ. ಅದನ್ನು ಬರೆದಿದ್ದರೆ ವಿಚಾರಣೆಯ ಹೊರೆ ಶಿಸ್ತು ಸಮಿತಿಯ ಹೆಗಲೇರುತ್ತಿತ್ತು, ನಿಂದನೆಗೆ ಗುರಿಯಾದೆನೆನ್ನುವ ಹುಡುಗನಿಗೂ ಬಾಗಿಲು ತೆರೆದಿರುತ್ತಿತ್ತು.

ಪಕ್ಷಪಾತಿ ಎಂದವರ ಬಗ್ಗೆ ಏನು ಹೇಳಲಿ? ಮಕ್ಕಳ ಆಟದಲ್ಲಿ ಹಿರಿಯರೇ ಗೆಲ್ಲಲು ಹೊರಟಿದ್ದಾರೆ. ತಮ್ಮ ಮಗನ ಒರಟುತನ ಅವರಿಗೆ ಛಲವಾಗಿ ಕಾಣುತ್ತದೆ, ಪರರ ಮಗನದು ದುರ್ನಡತೆಯಾಗುತ್ತದೆ. ಇಂಥವರ ಬೈಗುಳಕ್ಕೆ ಬೇಸತ್ತು ಸೀಟಿ ಕೆಳಗಿಟ್ಟ ಒಳ್ಳೆಯ ರೆಫರಿಗಳನ್ನು ನಾನು ಬಲ್ಲೆ. ದಯವಿಟ್ಟು ನೀವು ಆ ಸಾಲಿಗೆ ಸೇರಬೇಡಿ. ಇಂದೇ ಪೂರಕ ವರದಿಯೊಂದನ್ನು ಬರೆಯಿರಿ: ಯಾವ ನಿಮಿಷದಲ್ಲಿ, ಯಾರು, ಯಾವ ಮಾತುಗಳಲ್ಲಿ ದೂರಿದರು, ಹುಡುಗ ಏನೆಂದ, ನೀವೆಲ್ಲಿ ನಿಂತಿದ್ದಿರಿ ಎಂಬಿಷ್ಟೇ ಸಾಕು. ತಡವಾದದ್ದಕ್ಕೆ ಕಾರಣವನ್ನೂ ಮುಚ್ಚಿಡದೆ ಬರೆದು ಸಹಿ ಹಾಕಿ.