ಐದು ನಿಮಿಷದ ರಾಕೆಟ್ ಹಾರಾಟದಲ್ಲಿ ಎಕ್ಸ್‌ರೇ ಡಿಟೆಕ್ಟರ್ ಪರೀಕ್ಷಿಸಿ ಏನು ಸಿಗುತ್ತದೆ?

ಲ್ಯಾಬ್‌ನಲ್ಲೇ ಪರೀಕ್ಷೆ ಮುಗಿಸಿ ಎಕ್ಸ್‌ರೇ ಡಿಟೆಕ್ಟರನ್ನು ನೇರವಾಗಿ ಉಪಗ್ರಹಕ್ಕೆ ಹಾಕಬಾರದೇ, ಮೇಲೆ ಹೋಗಿ ಕೂಡಲೇ ಬೀಳುವ ಸೌಂಡಿಂಗ್ ರಾಕೆಟ್ ಯಾಕೆ ಅಂತ ಕೇಳಿದ್ದೀರಿ. ಕಾರವಾರದಲ್ಲಿ ಫಿಸಿಕ್ಸ್ ಪಾಠ ಮಾಡುವವನು ನಾನು. ಕ್ಲಾಸಿನಲ್ಲೂ ಈ ಪ್ರಶ್ನೆ ಬರುತ್ತದೆ.

ಲ್ಯಾಬ್ ಪರೀಕ್ಷೆ ಬೇಕೇ ಬೇಕು. ಕಬ್ಬಿಣ-55 ಎಂಬ ವಿಕಿರಣ ಮೂಲವನ್ನು ಎದುರಿಗಿಟ್ಟರೆ 5.9 ಕಿಲೋ ಎಲೆಕ್ಟ್ರಾನ್‌ವೋಲ್ಟ್ (ಇದು ಶಕ್ತಿಯ ಅಳತೆ) ಎಕ್ಸ್‌ರೇ ಬರುತ್ತದೆ, ಡಿಟೆಕ್ಟರ್ ಅದನ್ನು ಸರಿಯಾಗಿ ಅಳೆಯುತ್ತದಾ ನೋಡಬಹುದು. ಆದರೆ ಆಕಾಶದ ಎಕ್ಸ್‌ರೇ ನೆಲ ಮುಟ್ಟುವುದೇ ಇಲ್ಲ. ಮಳೆಗಾಲ ಮುಗಿದು ಶಿರಸಿಯ ಆಕಾಶ ಎಷ್ಟೇ ತಿಳಿಯಾಗಿರಲಿ, ಗಾಳಿಯೇ ಅದನ್ನು ಹೀರಿಬಿಡುತ್ತದೆ.

ಮೇ ತಿಂಗಳ ನಡುರಾತ್ರಿ ನಮ್ಮ ಟ್ಯಾಗೋರ್ ಬೀಚ್‌ನಿಂದ ದಕ್ಷಿಣಕ್ಕೆ ನೋಡಿದರೆ ವೃಶ್ಚಿಕ ಕಾಣುತ್ತದಲ್ಲ, ಆ ದಿಕ್ಕಿನಿಂದ ಜೋರಾಗಿ ಎಕ್ಸ್‌ರೇ ಬರುತ್ತಿದೆ ಅಂತ ಗೊತ್ತಾಗಿದ್ದೇ ಇಂಥ ರಾಕೆಟ್‌ನಿಂದ. 1962ರ ಜೂನ್ 18ರಂದು ಭೌತವಿಜ್ಞಾನಿ ರಿಕಾರ್ಡೊ ಜಿಯಕೋನಿ ತಂಡ ಹುಡುಕಲು ಹೊರಟಿದ್ದು ಚಂದ್ರನ ಎಕ್ಸ್‌ರೇಯನ್ನು. ವಿಕಿರಣ ಎಣಿಸುವ ಮೂರು ಗೈಗರ್ ಕೌಂಟರ್‌ಗಳಲ್ಲಿ ಕೆಲಸ ಮಾಡಿದ್ದು ಎರಡೇ. ಸಿಕ್ಕಿದ ಸಮಯ ಆರು ನಿಮಿಷಕ್ಕೂ ಕಡಿಮೆ. ಅಷ್ಟು ಸಾಕಾಯಿತು. ಪಕ್ಕದ ಉಡುಪಿ ಜಿಲ್ಲೆಯ ಅದಮಾರಿನ ಯು.ಆರ್. ರಾವ್ ಕೂಡ 1960ರ ದಶಕದಲ್ಲಿ ತಿರುವನಂತಪುರದ ‘ತುಂಬಾ’ ಎಂಬ ರಾಕೆಟ್ ನೆಲೆಯಿಂದ ಎಕ್ಸ್‌ರೇ ಡಿಟೆಕ್ಟರ್ ಹಾರಿಸಿದವರು. ಜನ ಅವರನ್ನು ಬರೀ ಉಪಗ್ರಹದ ರಾವ್ ಅಂತ ನೆನೆಯುತ್ತಾರೆ.

ಈಗಿನ ಡಿಟೆಕ್ಟರ್‌ಗಳು ಬಹಳ ನಾಜೂಕು. ಮೈಕ್ರೋಕ್ಯಾಲರಿಮೀಟರ್ ಅಂತ ಒಂದಿದೆ. ಒಂದೊಂದು ಎಕ್ಸ್‌ರೇ ಫೋಟಾನ್ ಬಿದ್ದಾಗಲೂ ಎಷ್ಟು ಬಿಸಿಯಾಯಿತು ಅಂತ ಅಳೆದು ಅದರ ಶಕ್ತಿ ಹೇಳುತ್ತದೆ. ಅದಕ್ಕೆ ಅದನ್ನು ಸುಮಾರು 0.06 ಕೆಲ್ವಿನ್‌ಗೆ, ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ, ತಣಿಸಬೇಕು. ರಾಕೆಟ್ ಏರುವಾಗಿನ ಅದುರಾಟಕ್ಕೇ ಒಳಗೆ ಬಿಸಿಯಾಗುತ್ತದೆ. ಮತ್ತೆ ಬೇಗ ತಣ್ಣಗಾಗಬೇಕು, ಇಲ್ಲದಿದ್ದರೆ ಇರುವ ಐದು ನಿಮಿಷವೂ ಹೋಯಿತು. ವಿಸ್ಕಾನ್ಸಿನ್ ಮತ್ತು ನಾಸಾದ ಗೊಡಾರ್ಡ್ ಕೇಂದ್ರದವರು 1990ರ ದಶಕದಲ್ಲೇ ರಾಕೆಟ್‌ನಲ್ಲಿ ಇದನ್ನು ಮಾಡಿ ತೋರಿಸಿದರು.

ನನಗೆ ರಾಕೆಟ್ ಇಷ್ಟವಾಗುವುದು ಬೇರೆ ಕಾರಣಕ್ಕೆ. ಡಿಟೆಕ್ಟರ್ ಪ್ಯಾರಾಚೂಟ್‌ನಲ್ಲಿ ವಾಪಸ್ ಬರುತ್ತದೆ! 2018ರಲ್ಲಿ ಮೈಕ್ರೋ-ಎಕ್ಸ್ ಎಂಬ ಉಪಕರಣ ಹೊತ್ತ ರಾಕೆಟ್ ಗುರಿ ಹಿಡಿಯಲೇ ಇಲ್ಲ, ನೋಡಬೇಕಿದ್ದ ಕ್ಯಾಸಿಯೋಪಿಯ ಎ (ಸಿಡಿದ ನಕ್ಷತ್ರದ ಅವಶೇಷ) ಸಿಗಲಿಲ್ಲ. ಆದರೂ ಹೊಸ ಬಗೆಯ ಅತಿವಾಹಕ ಸೆನ್ಸರ್ ಬಾಹ್ಯಾಕಾಶದಲ್ಲಿ ನಡೆಯುತ್ತದೆ ಅಂತ ಖಾತ್ರಿಯಾಯಿತು. ಅದನ್ನೇ 2022ರಲ್ಲಿ ಮತ್ತೆ ಹಾರಿಸಿದರು, ಕ್ಯಾಸಿಯೋಪಿಯ ಎ ಸಿಕ್ಕಿತು. ಉಪಗ್ರಹಕ್ಕೆ ಇಂಥ ಎರಡನೇ ಅವಕಾಶ ಎಲ್ಲಿ?

ಹಾಗಂತ ರಾಕೆಟ್ ಎಲ್ಲವನ್ನೂ ಹೇಳುವುದಿಲ್ಲ. ವರ್ಷಗಟ್ಟಲೆ ವಿಕಿರಣ ಬಡಿದರೆ ಏನಾಗುತ್ತದೆ, ತಣಿಸುವ ಹೀಲಿಯಂ ಎಷ್ಟು ದಿನ ಬಾಳುತ್ತದೆ, ಇದೆಲ್ಲ ಐದು ನಿಮಿಷದಲ್ಲಿ ತಿಳಿಯದು. 2005ರಲ್ಲಿ ಜಪಾನಿನ ಸುಜಾಕು ಉಪಗ್ರಹದಲ್ಲಿದ್ದ ಕ್ಯಾಲರಿಮೀಟರ್ ಹೀಲಿಯಂ ಆವಿಯಾಗಿ ಕೆಲವೇ ವಾರಗಳಲ್ಲಿ ನಿಂತುಹೋಯಿತು. 2016ರಲ್ಲಿ ಇಂಥದೇ ಕ್ಯಾಲರಿಮೀಟರ್ ಹೊತ್ತ ಹಿಟೋಮಿ ಉಪಗ್ರಹವೇ ಒಡೆದುಹೋಯಿತು. ಎರಡರಲ್ಲೂ ತಪ್ಪು ಡಿಟೆಕ್ಟರ್‌ದಲ್ಲ. 2023ರಲ್ಲಿ ಹಾರಿದ ಕ್ರಿಸಂ ಉಪಗ್ರಹದಲ್ಲಿ ಅದೇ ಜಾತಿಯದು ಈಗ ಕೆಲಸ ಮಾಡುತ್ತಿದೆ.