ಎಲ್ಲರೂ ಹಳಿಯುವ ‘ಸೈಮನ್ಸ್ ಕ್ವೆಸ್ಟ್’ ನನಗೇಕೆ ಇಷ್ಟ

ಕ್ಯಾಸಲ್‌ವೇನಿಯಾ ಎಂಬ ವಿಡಿಯೋ ಗೇಮ್ ಸರಣಿಯ ಎರಡನೆಯ ಆಟವಾದ ‘ಸೈಮನ್ಸ್ ಕ್ವೆಸ್ಟ್’ ಅನ್ನು ಕಂಡಕಂಡವರೆಲ್ಲ ಗೇಲಿ ಮಾಡುತ್ತಾರಲ್ಲ, ಅದನ್ನು ಮನಸಾರೆ ಮೆಚ್ಚುವವರು ಯಾರಾದರೂ ಇದ್ದಾರೆಯೇ, ಇದ್ದರೆ ಅವರಿಗೆ ಅದರಲ್ಲಿ ಕಾಣುವುದೇನು ಎಂದು ನೀವು ಕೇಳಿದ್ದೀರಿ. ನಾನು ಮೆಚ್ಚುತ್ತೇನೆ. ಎಂಟು ಬಿಟ್ಟಿನ, ಅಂದರೆ 1980ರ ದಶಕದ ಹಳೆಯ ಗೇಮ್ ಯಂತ್ರಗಳ ಕಾಲದ ಭಯಾನಕ ಆಟಗಳ ಪೈಕಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಇದೇ. ಜನ ಯಾವುದನ್ನು ದೋಷವೆಂದು ಎತ್ತಿ ತೋರಿಸುತ್ತಾರೋ ಅದರಲ್ಲಿ ಬಹುಪಾಲು ಈ ಆಟದ ಭಯದ ಮೂಲವೇ ಆಗಿದೆ ಎಂಬುದು ನನ್ನ ವಾದ.

ಜಪಾನಿನ ಕೊನಾಮಿ ಕಂಪನಿಯ ಮೊದಲ ಕ್ಯಾಸಲ್‌ವೇನಿಯಾ 1986ರಲ್ಲಿ ಬಂದಿತು. ಕೋಟೆಯೊಳಗೆ ಹಂತ ಹಂತವಾಗಿ ಮುಂದುವರಿದು, ಪ್ರತಿ ಹಂತದ ಕೊನೆಯಲ್ಲಿ ಕಾಯುವ ಬಲಿಷ್ಠ ಶತ್ರುವನ್ನು, ಅಂದರೆ ಒಬ್ಬ ಬಾಸ್‌ನನ್ನು ಮಣಿಸಿ, ಕಟ್ಟಕಡೆಗೆ ಡ್ರಾಕುಲಾನನ್ನು ಎದುರಿಸುವ ನೇರವಾದ ಆಟ ಅದು. ಅದರ ಮುಂದಿನ ಭಾಗ 1987ರಲ್ಲಿ ಜಪಾನಿನಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಂ ಎಂಬ ಗೇಮ್ ಯಂತ್ರಕ್ಕಾಗಿಯೂ, 1988ರ ಕೊನೆಯಲ್ಲಿ ಅಮೆರಿಕದಲ್ಲಿ ಕಾರ್ಟ್ರಿಜ್ ರೂಪದಲ್ಲಿಯೂ ಹೊರಬಂದಾಗ ಆ ನೇರ ದಾರಿ ಮಾಯವಾಗಿತ್ತು. ಹಂತಗಳಿಲ್ಲ, ಊರುಗಳು, ಕಾಡುಗಳು, ಸ್ಮಶಾನಗಳು, ಜೌಗುಗಳು ಒಂದಕ್ಕೊಂದು ಕೂಡಿಕೊಂಡಿರುವ ಒಂದು ನಾಡು ಮಾತ್ರ ಇದೆ. ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಎಂದು ಹೇಳುವವರಿಲ್ಲ. ಮೊದಲ ಆಟದ ವೇಗವನ್ನು ಬಯಸಿ ಬಂದವರಿಗೆ ನಿರಾಸೆಯಾದದ್ದು ಸಹಜವೇ.

ಆದರೆ ಕಥೆಯನ್ನು ಗಮನಿಸಿದರೆ ಈ ಬದಲಾವಣೆಗೆ ಕಾರಣ ತಿಳಿಯುತ್ತದೆ. ಚಾವಟಿಯೇ ಆಯುಧವಾದ ನಾಯಕ ಸೈಮನ್ ಬೆಲ್ಮಾಂಟ್ ಮೊದಲ ಆಟದಲ್ಲಿ ಡ್ರಾಕುಲಾನನ್ನು ಕೊಂದಿದ್ದಾನೆ, ಆದರೆ ಸಾಯುವ ಮುನ್ನ ಅವನು ಹಾಕಿದ ಶಾಪ ಸೈಮನ್‌ನ ಮೈಯನ್ನು ಹಿಡಿದಿದೆ. ಅದರಿಂದ ಪಾರಾಗಬೇಕಾದರೆ ಐದು ಬಂಗಲೆಗಳಲ್ಲಿ ಅಡಗಿರುವ ಡ್ರಾಕುಲಾನ ಪಕ್ಕೆಲುಬು, ಹೃದಯ, ಕಣ್ಣುಗುಡ್ಡೆ, ಉಗುರು ಮತ್ತು ಉಂಗುರಗಳನ್ನು ಕೂಡಿಸಿ, ಪಾಳುಬಿದ್ದ ಕೋಟೆಗೆ ಒಯ್ದು, ಕೊಂದವನನ್ನೇ ಮತ್ತೆ ಎಬ್ಬಿಸಿ ಮತ್ತೆ ಕೊಲ್ಲಬೇಕು. ಇದು ವಿಜಯಯಾತ್ರೆಯಲ್ಲ, ದಿನೇ ದಿನೇ ಸಾಯುತ್ತಿರುವ ಮನುಷ್ಯನೊಬ್ಬ ತನ್ನ ಶತ್ರುವಿನ ಹೆಣವನ್ನು ತುಂಡುತುಂಡಾಗಿ ಹೊತ್ತುಕೊಂಡು ತಿರುಗುವ ಕಥೆ.

ಆ ತುಂಡುಗಳು ಕೇವಲ ಲೆಕ್ಕಕ್ಕೆ ಕೂಡಿಸುವ ವಸ್ತುಗಳಲ್ಲ ಎಂಬುದನ್ನು ಗೇಲಿ ಮಾಡುವವರು ಹೇಳುವುದೇ ಇಲ್ಲ. ಪಕ್ಕೆಲುಬನ್ನು ಆರಿಸಿಕೊಂಡರೆ ಅದು ಗುರಾಣಿಯಾಗಿ ಶತ್ರುಗಳು ಎಸೆದದ್ದನ್ನು ತಡೆಯುತ್ತದೆ. ಕಣ್ಣುಗುಡ್ಡೆಯಿದ್ದರೆ ಬರಿಗಣ್ಣಿಗೆ ಬೀಳದ ಸುಳಿವಿನ ಪುಸ್ತಕಗಳು ಕಾಣುತ್ತವೆ. ಉಗುರಿದ್ದರೆ ಚಾವಟಿಯಿಂದಲೇ ಕಲ್ಲುಗಳನ್ನು ಒಡೆಯಬಹುದು. ಹೃದಯವನ್ನು ತೋರಿಸಿದರೆ ದೋಣಿಯವನು ಬೇರೆಯವರನ್ನು ಕರೆದೊಯ್ಯದ ದಡಕ್ಕೆ ನಮ್ಮನ್ನು ಕರೆದೊಯ್ಯುತ್ತಾನೆ. ಅಂದರೆ ಸೈಮನ್ ಮುಂದೆ ಸಾಗಿದಷ್ಟೂ ಡ್ರಾಕುಲಾನ ಕಣ್ಣಿನಿಂದ ನೋಡುತ್ತಾನೆ, ಅವನ ಉಗುರಿನಿಂದ ಗೋಡೆ ಒಡೆಯುತ್ತಾನೆ, ಅವನ ಎಲುಬಿನ ಮರೆಯಲ್ಲಿ ಬದುಕುತ್ತಾನೆ. ಮಾತಿನಲ್ಲಿ ಎಲ್ಲಿಯೂ ವಿವರಿಸದೆ, ಆಡುವವನ ಕೈಯಿಂದಲೇ ಇದನ್ನು ಮಾಡಿಸಿ ತೋರಿಸಿರುವುದು ಅಂದಿನ ಆಟಗಳಲ್ಲಿ ಅಪರೂಪವಾದ ಸಾಧನೆಯೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ಹೆಚ್ಚು ಗೇಲಿಗೆ ಒಳಗಾಗಿರುವ ರಾತ್ರಿಯ ವಿಚಾರ. ಹೊರಗೆ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಆಟ ನಿಲ್ಲುತ್ತದೆ, ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿ ಶಾಪಗ್ರಸ್ತನಿಗೆ ಇದೆಂಥ ಘೋರ ರಾತ್ರಿ ಎಂದು ಸಾರುತ್ತವೆ, ಆಮೇಲೆ ಬಣ್ಣಗಳು ಕಪ್ಪಿಡುತ್ತವೆ. ಪ್ರತಿ ಸಲವೂ ಅದೇ ಸಾಲನ್ನು ಕಾಯುತ್ತಾ ಕೂರುವುದು ಬೇಸರ ತರಿಸುತ್ತದೆ, ನೆಗೆತದ ನಡುವೆ ಬಂದರಂತೂ ಕೈಯ ಲಯವೇ ತಪ್ಪುತ್ತದೆ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ರಾತ್ರಿ ಬಂದ ಮೇಲೆ ಆಗುವುದನ್ನು ನೋಡಿ. ಹಗಲಿನಲ್ಲಿ ಎರಡು ಏಟಿಗೆ ಬೀಳುತ್ತಿದ್ದ ಶತ್ರು ಈಗ ನಾಲ್ಕು ಏಟು ತಿನ್ನುತ್ತಾನೆ. ಊರಿನ ಜನರೆಲ್ಲ ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ; ಅಂಗಡಿಯಿಲ್ಲ, ಗಾಯ ಮಾಯುವ ಚರ್ಚಿಲ್ಲ, ಮಾತಿಗೆ ಸಿಗುವವರಿಲ್ಲ. ಹಗಲು ನೀವು ಸುಳಿವು ಕೇಳಿದ ಅದೇ ಬೀದಿಯಲ್ಲಿ ಹೆಣಗಳು ಎದ್ದು ಓಡಾಡುತ್ತವೆ. ಸುರಕ್ಷಿತವೆಂದು ನಂಬಿದ ಜಾಗವೇ ಗಡಿಯಾರದ ಲೆಕ್ಕಕ್ಕೆ ತಕ್ಕಂತೆ ನಮ್ಮನ್ನು ಹೊರಗಟ್ಟುವುದು ಭಯಾನಕ ಆಟದ ತಿರುಳಲ್ಲದೆ ಮತ್ತೇನು? ಇದರ ಜೊತೆಗೆ ರಾತ್ರಿಯ ಶತ್ರುಗಳು ಸತ್ತಾಗ ಹೃದಯದ ಆಕಾರದ ಹೆಚ್ಚು ಹಾರ್ಟ್‌ಗಳನ್ನು ಬಿಟ್ಟುಹೋಗುತ್ತಾರೆ. ಹಾರ್ಟ್‌ಗಳೇ ಇಲ್ಲಿ ಹಣ, ಹಾರ್ಟ್‌ಗಳೇ ನಾಯಕನ ಬಲ ಹೆಚ್ಚಿಸುವ ಅನುಭವದ ಅಂಕ. ಹೀಗಾಗಿ ಬೆಳಗಾಗುವವರೆಗೆ ಒಂದು ಮೂಲೆಯಲ್ಲಿ ಜೀವ ಉಳಿಸಿಕೊಳ್ಳುವುದೋ, ಇಲ್ಲವೇ ಅಪಾಯಕ್ಕೆ ಒಡ್ಡಿಕೊಂಡು ಇನ್ನೂ ಬಲವಾದ ಚಾವಟಿ ಕೊಳ್ಳಲು ಬೇಕಾದಷ್ಟನ್ನು ಗಳಿಸುವುದೋ ಎಂಬ ನಿರ್ಧಾರ ಪ್ರತಿ ಸಂಜೆಯೂ ಎದುರಾಗುತ್ತದೆ. ಇರುವ ಜೀವಗಳೆಲ್ಲ ಮುಗಿದರೆ ಕೈಯಲ್ಲಿದ್ದ ಹಾರ್ಟ್‌ಗಳೂ ಸೊನ್ನೆಯಾಗುವುದರಿಂದ ಆ ನಿರ್ಧಾರಕ್ಕೆ ತೂಕವೂ ಇದೆ. ಕಳೆದ ದಿನಗಳ ಎಣಿಕೆಯನ್ನು ಆಟ ಬಿಡದೆ ಇಟ್ಟುಕೊಳ್ಳುತ್ತದೆ, ಮೂರು ಅಂತ್ಯಗಳಲ್ಲಿ ಯಾವುದು ಸಿಗುತ್ತದೆ ಎಂಬುದು ಆ ಎಣಿಕೆಯನ್ನೇ ಅವಲಂಬಿಸಿದೆ. ಅವುಗಳಲ್ಲಿ ಒಂದರಲ್ಲಿ ಸೈಮನ್ ಗೆದ್ದೂ ಬದುಕುಳಿಯುವುದಿಲ್ಲ.

ಊರ ಜನರ ಮಾತುಗಳ ಬಗ್ಗೆ ಹೇಳುವಾಗ ನ್ಯಾಯವಾಗಿಯೇ ಹೇಳಬೇಕು. ಅಮೆರಿಕದ ಆವೃತ್ತಿಯ ಅನುವಾದ ಒರಟಾಗಿದೆ, ಕೆಲವು ಮಾತುಗಳಿಗೆ ತಲೆಬುಡವಿಲ್ಲ. ಡೆಬೊರಾ ಬಂಡೆಯ ಬಳಿ ಕೆಂಪು ಹರಳನ್ನು ಹಿಡಿದು ಮಂಡಿಯೂರಿ ಕಾದರೆ ಸುಂಟರಗಾಳಿಯೊಂದು ಬಂದು ಎತ್ತಿಕೊಂಡು ಹೋಗುತ್ತದೆ ಎಂಬುದನ್ನು ಯಾರ ನೆರವೂ ಇಲ್ಲದೆ ಊಹಿಸುವುದು ಬಲು ಕಷ್ಟ; ಅದಕ್ಕೊಂದು ಸುಳಿವು ಆಟದೊಳಗೆ ಇದೆಯಾದರೂ ಅದು ಸಾಲದು. 2004ರಲ್ಲಿ ಅಮೆರಿಕದ ವಿಡಿಯೋ ತಯಾರಕ ಜೇಮ್ಸ್ ರೋಲ್ಫ್ ಅವರು ತಮ್ಮ ಹೆಸರುವಾಸಿಯಾದ ಸಿಡುಕಿನ ಆಟಗಾರನ ಪಾತ್ರವನ್ನು ಆರಂಭಿಸಿದ್ದೇ ಈ ಆಟವನ್ನು ಝಾಡಿಸುವ ವಿಡಿಯೋದಿಂದ, ಅವರ ಹಲವು ಆಕ್ಷೇಪಗಳು ಸರಿಯಾಗಿಯೇ ಇವೆ. ಆದರೆ ಜನರು ಸುಳ್ಳು ಹೇಳುತ್ತಾರೆ ಎಂಬುದನ್ನೂ ಅದೇ ಪಟ್ಟಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಜಪಾನಿನ ಮೂಲ ಆಟದಲ್ಲಿಯೂ ಕೆಲವರು ಬೇಕೆಂದೇ ದಾರಿ ತಪ್ಪಿಸುತ್ತಾರೆ. ಶಾಪ ಹೊತ್ತು ಬಂದ ಪರದೇಶಿಯನ್ನು ಹೆದರಿದ ಊರೊಂದು ಹೇಗೆ ನೋಡುತ್ತದೆಯೋ ಹಾಗೆಯೇ ಈ ಜನ ಸೈಮನ್‌ನನ್ನು ನೋಡುತ್ತಾರೆ. ಯಾರನ್ನು ನಂಬಬೇಕೆಂದು ತಿಳಿಯದಿರುವುದು ಈ ಲೋಕದ ಗುಣ. ನಂಬಬೇಕಾದ ಮಾತೂ ಅರ್ಥವಾಗದಂತೆ ಬರೆದಿರುವುದು ಮಾತ್ರ ದೋಷ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಬಾಸ್‌ಗಳು ಸಪ್ಪೆ ಎಂಬ ದೂರನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಐದು ಬಂಗಲೆಗಳಲ್ಲಿ ಎರಡರಲ್ಲಿ ಮಾತ್ರ ಬಾಸ್ ಇದ್ದಾರೆ, ಆ ಪೈಕಿ ಸಾಕ್ಷಾತ್ ಮೃತ್ಯುವನ್ನೇ ಮುಟ್ಟದೆ ಪಕ್ಕದಿಂದ ನಡೆದುಹೋಗಬಹುದು.

ಆದರೆ ಕೊನೆಯ ಕೋಟೆ ಖಾಲಿಯಾಗಿರುವುದು ಮಾತ್ರ ದೋಷವೇ ಅಲ್ಲ. ಅಲ್ಲಿ ಒಬ್ಬ ಶತ್ರುವೂ ಇಲ್ಲ. ಮೊದಲ ಆಟದಲ್ಲಿ ಬಾವಲಿಗಳೂ ಅಸ್ಥಿಪಂಜರಗಳೂ ತುಂಬಿದ್ದ ಕೋಟೆಯ ಮೆಟ್ಟಿಲುಗಳನ್ನು ಈಗ ಸೈಮನ್ ಒಬ್ಬನೇ ಇಳಿದು ಹೋಗುತ್ತಾನೆ, ಚಾವಟಿ ಎತ್ತುವ ಕಾರಣವೇ ಸಿಗುವುದಿಲ್ಲ, ಐದೂ ಅವಶೇಷಗಳನ್ನು ಇಡಬೇಕಾದ ಜಾಗದವರೆಗೆ ಬರೀ ನಡಿಗೆ. ಇಷ್ಟು ಹೊತ್ತು ಹೋರಾಡುತ್ತಲೇ ಬಂದ ಕೈಗೆ ಆ ನಿಶ್ಚಲತೆ ಕೊಡುವ ಅಳುಕನ್ನು ಇನ್ನೊಂದು ರಾಕ್ಷಸರ ಗುಂಪು ಕೊಡುತ್ತಿರಲಿಲ್ಲ. ಡ್ರಾಕುಲಾನ ಕಾಳಗ ಸುಲಭವಾಗಿ ಮುಗಿಯುತ್ತದೆ, ನಿಜ. ಆದರೆ ಅಲ್ಲಿಗೆ ತಲುಪುವ ಆ ನಡಿಗೆಯನ್ನು ನಾನು ಸರಣಿಯ ಯಾವ ಕಾಳಗಕ್ಕೂ ಬಿಟ್ಟುಕೊಡುವುದಿಲ್ಲ.

ಸಂಗೀತದ ಬಗ್ಗೆ ವಾದ ಬೇಕಿಲ್ಲ. ಕೆನಿಚಿ ಮಾತ್ಸುಬಾರಾ ಅವರು ಈ ಆಟಕ್ಕಾಗಿ ರಚಿಸಿದ ‘ಬ್ಲಡಿ ಟಿಯರ್ಸ್’ ಹಗಲಿನ ಕಾಡುದಾರಿಗಳಲ್ಲಿ ಕೇಳಿಸುತ್ತದೆ, ಕತ್ತಲಾದೊಡನೆ ಅದರ ಜಾಗಕ್ಕೆ ‘ಮಾನ್‌ಸ್ಟರ್ ಡ್ಯಾನ್ಸ್’ ಬರುತ್ತದೆ. ಸರಣಿಯ ಮುಂದಿನ ಆಟಗಳು ‘ಬ್ಲಡಿ ಟಿಯರ್ಸ್’ ಅನ್ನು ಮತ್ತೆ ಮತ್ತೆ ಬಳಸಿಕೊಂಡಿವೆ, 1991ರ ‘ಸೂಪರ್ ಕ್ಯಾಸಲ್‌ವೇನಿಯಾ 4’ ಕೂಡ ಅವುಗಳಲ್ಲಿ ಒಂದು. ಆಟವನ್ನು ಬೈಯುವವರೂ ಈ ರಾಗವನ್ನು ಗುನುಗುತ್ತಾರೆ.

1989ರ ಮೂರನೆಯ ಭಾಗ ಮತ್ತೆ ಹಂತಗಳ ದಾರಿಗೆ ಮರಳಿತು, ಹಾಗಾಗಿ ಎರಡನೆಯದು ಕೈಬಿಟ್ಟ ಪ್ರಯೋಗದಂತೆ ಕಂಡಿತು. ಆದರೆ 1997ರಲ್ಲಿ ಇದೇ ಸರಣಿಯ ‘ಸಿಂಫನಿ ಆಫ್ ದ ನೈಟ್’ ಬಂದಾಗ ಜನ ಕೊಂಡಾಡಿದ್ದು ಏನನ್ನು? ಒಂದಕ್ಕೊಂದು ಕೂಡಿದ ಲೋಕವನ್ನು, ಅನುಭವ ಗಳಿಸಿ ಬಲಗೊಳ್ಳುವ ನಾಯಕನನ್ನು, ಅಂಗಡಿಯನ್ನು, ಡ್ರಾಕುಲಾನ ಅವಶೇಷಗಳ ಹುಡುಕಾಟವನ್ನು, ಒಂದಕ್ಕಿಂತ ಹೆಚ್ಚು ಅಂತ್ಯಗಳನ್ನು. ಇವೆಲ್ಲವೂ ಹತ್ತು ವರ್ಷಗಳ ಹಿಂದೆ ನಗೆಪಾಟಲಾದ ಆಟದಲ್ಲಿ ಇದ್ದವು. ಮಗನನ್ನು ಹೊಗಳುತ್ತಾ ತಂದೆಯನ್ನು ಜರೆಯುವ ಈ ರೂಢಿ ನನಗೆ ನಿಜಕ್ಕೂ ನೋವು ತರುತ್ತದೆ.

ನೀವು ಆಡಿ ನೋಡುವುದಾದರೆ 2019ರ ‘ಕ್ಯಾಸಲ್‌ವೇನಿಯಾ ಆನಿವರ್ಸರಿ ಕಲೆಕ್ಷನ್’ ಎಂಬ ಹಳೆಯ ಆಟಗಳ ಸಂಕಲನ ಒಳ್ಳೆಯ ದಾರಿ; ಅದರಲ್ಲಿ ಬೇಕಾದಲ್ಲಿ ಸೇವ್ ಮಾಡಬಹುದಾದ್ದರಿಂದ ಆಟ ಮುಂದುವರಿಸಲು ಬರೆದಿಟ್ಟುಕೊಳ್ಳಬೇಕಾದ ಉದ್ದನೆಯ ಪಾಸ್‌ವರ್ಡ್‌ಗಳ ಕಾಟವಿಲ್ಲ. ಆರಂಭದ ಊರಾದ ಜೋವಾದಲ್ಲಿಯೇ ಬಿಳಿ ಹರಳನ್ನೂ ಪವಿತ್ರ ಜಲವನ್ನೂ ಕೊಂಡುಕೊಳ್ಳಿ: ಹರಳಿಲ್ಲದಿದ್ದರೆ ಮೊದಲ ಬಂಗಲೆಯ ಬಾಗಿಲಲ್ಲಿ ತೇಲುವ ಹಲಗೆ ನಿಮಗೆ ಕಾಣಿಸುವುದಿಲ್ಲ, ಜಲವಿಲ್ಲದಿದ್ದರೆ ಸುಳ್ಳು ನೆಲ ಯಾವುದೆಂದು ಗೊತ್ತಾಗುವುದಿಲ್ಲ. ಪ್ರತಿ ಬಂಗಲೆಯೊಳಗೂ ಓಕ್ ಮರದ ಗೂಟ ಮಾರುವವನೊಬ್ಬನಿದ್ದಾನೆ, ಅವನನ್ನು ಹುಡುಕದೆ ಕೊನೆಯ ಕೋಣೆಗೆ ಹೋಗಬೇಡಿ, ಏಕೆಂದರೆ ಅವಶೇಷವನ್ನು ಮುಚ್ಚಿಟ್ಟಿರುವ ಗೋಳ ಆ ಗೂಟಕ್ಕಲ್ಲದೆ ಬೇರಾವುದಕ್ಕೂ ಒಡೆಯುವುದಿಲ್ಲ. ಒಂದು ನಕ್ಷೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಡೆಬೊರಾ ಬಂಡೆಯ ಗುಟ್ಟನ್ನು ಮೇಲೆ ಹೇಳಿಯೇ ಬಿಟ್ಟಿದ್ದೇನೆ. ಊರಿನವರ ಮಾತನ್ನು ಮಾತ್ರ ನೀವೇ ಕೇಳಿ, ಯಾವುದನ್ನು ನಂಬಬಹುದೆಂದು ನೀವೇ ತೂಗಿ ನೋಡಿ. ಅದನ್ನೂ ಬೇರೆಯವರಿಂದ ತಿಳಿದುಕೊಂಡರೆ ಆಟದ ಅರ್ಧ ಭಾಗ ನಿಮಗೆ ಸಿಗದೆ ಹೋಗುತ್ತದೆ.