ಫಿಟ್ಸ್ ನಿಂತಿದೆ ಅಂತ ನಾಯಿಯ ಗುಳಿಗೆ ನಿಲ್ಲಿಸಬಹುದೇ?

ನಾಯಿಗೆ ಮೂರು ವರ್ಷ, ತೂಕ 15 ಕೆಜಿ, ನಾಲ್ಕು ತಿಂಗಳಿಂದ ಫಿಟ್ಸ್ ಬಂದಿಲ್ಲ, ಫಿಟ್ಸ್‌ಗೆ ಕೊಡುವ ಗಾರ್ಡಿನಾಲ್ ಗುಳಿಗೆಯಿಂದ ಲಿವರ್ ಹಾಳಾಗುತ್ತದಂತೆ, ನಿಲ್ಲಿಸಿ ನಾಟಿ ಪುಡಿ ಶುರು ಮಾಡೋಣವೇ ಎಂದು ಕೇಳಿದ್ದೀರಿ. ಬೇಡ. ದಾವಣಗೆರೆಯ ನಮ್ಮ ಮನೆಯಲ್ಲೂ ಇದೇ ಕಾಯಿಲೆಯ ನಾಯಿ ಇತ್ತು. ಇದೇ ಮಾತು ನಡೆದು ಗುಳಿಗೆ ಒಮ್ಮೆಲೇ ನಿಂತು, ಒಂದರ ಹಿಂದೊಂದು ಫಿಟ್ಸ್ ಬಂದು, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಓಡಬೇಕಾಯಿತು. ಹಾಗಾಗಿ ಗುಳಿಗೆಯೋ ನಾಟಿ ಪುಡಿಯೋ ಎಂದು ತೂಗಿ ನೋಡಲು ನನಗೆ ಮನಸ್ಸಿಲ್ಲ.

ಮೊದಲು ಒಂದು ತಿಳಿದುಕೊಳ್ಳಿ: ಫಿಟ್ಸ್ ನಿಂತಿಲ್ಲ, ಗುಳಿಗೆ ಅದನ್ನು ತಡೆದು ಹಿಡಿದಿದೆ. ಗಾರ್ಡಿನಾಲ್‌ನಲ್ಲಿರುವುದು ಫಿನೋಬಾರ್ಬಿಟಾಲ್. ತಿಂಗಳುಗಟ್ಟಲೆ ಕೊಟ್ಟಾಗ ಮಿದುಳು ಅದಕ್ಕೆ ಒಗ್ಗಿಕೊಂಡಿರುತ್ತದೆ. ತಟ್ಟನೆ ನಿಂತರೆ ಹಳೆಯ ಕಾಯಿಲೆ ತಲೆ ಎತ್ತುವುದಷ್ಟೇ ಅಲ್ಲ, ಔಷಧಿ ತಪ್ಪಿದ್ದರಿಂದಲೇ ಬೇರೆ ಫಿಟ್ಸ್ ಬರಬಹುದು. ಅದು ಮೊದಲಿನದಕ್ಕಿಂತ ಜೋರಾಗಿರಬಹುದು. ಇನ್ನೊಂದು ವಿಷಯವಿದೆ. ಈ ಔಷಧಿ ಲಿವರ್‌ನ ಕಿಣ್ವಗಳನ್ನು ಚುರುಕು ಮಾಡುತ್ತದೆ, ಆದ್ದರಿಂದ ದಿನ ಕಳೆದಂತೆ ದೇಹ ಅದನ್ನು ಬೇಗ ಬೇಗ ಹೊರಹಾಕಲು ಕಲಿಯುತ್ತದೆ. ಬಹಳ ಕಾಲದಿಂದ ತಿನ್ನುತ್ತಿರುವ ನಾಯಿಯಲ್ಲಿ ಡೋಸ್ ತಪ್ಪಿದರೆ ರಕ್ತದಲ್ಲಿನ ಮಟ್ಟ ಸರ್ರನೆ ಇಳಿಯುವುದು ಇದೇ ಕಾರಣಕ್ಕೆ. ನಿಜವಾಗಿಯೂ ನಿಲ್ಲಿಸಬೇಕಾದರೆ ಒಂದೆರಡು ವರ್ಷ ಒಂದೂ ಫಿಟ್ಸ್ ಬಾರದೆ ಇರಬೇಕು. ಆಮೇಲೂ ಡಾಕ್ಟರ ಕಣ್ಣೆದುರು, ತಿಂಗಳಿಗೆ ಶೇ. 20ಕ್ಕಿಂತ ಹೆಚ್ಚು ಇಳಿಸದೆ ಬರಬೇಕು. ನಾಲ್ಕು ತಿಂಗಳು ಇದಕ್ಕೆ ಏನೇನೂ ಸಾಲದು.

ಲಿವರ್ ಭಯ ಸುಳ್ಳಲ್ಲ, ಆದರೆ ಅದನ್ನು ಅಳೆಯಬಹುದು. ಸಾಮಾನ್ಯವಾಗಿ ಕೆಜಿಗೆ 2ರಿಂದ 3 ಮಿಲಿಗ್ರಾಂ, 12 ಗಂಟೆಗೊಮ್ಮೆ ಶುರು ಮಾಡುತ್ತಾರೆ. ನಿಮ್ಮ ನಾಯಿಗೆ ಅದು ಹೊತ್ತಿಗೆ 30ರಿಂದ 45 ಮಿ.ಗ್ರಾಂ, ಅಂದರೆ 30ರ ಗುಳಿಗೆ ಒಂದು ಅಥವಾ ಒಂದೂವರೆ. ಶುರು ಮಾಡಿ ಎರಡು ವಾರಕ್ಕೆ ರಕ್ತದಲ್ಲಿ ಔಷಧಿಯ ಮಟ್ಟ ನೋಡಬೇಕು, ಡೋಸ್ ಬದಲಾದಾಗಲೆಲ್ಲ ಮತ್ತೆ ಎರಡು ವಾರಕ್ಕೆ, ಆಮೇಲೆ ಆರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆಯ ಜೊತೆ. ಪ್ರತಿ ಮಿ.ಲೀ.ಗೆ 15ರಿಂದ 35 ಮೈಕ್ರೋಗ್ರಾಂ ಇದ್ದರೆ ಸರಿ. ಲಿವರ್‌ಗೆ ನಿಜವಾದ ಪೆಟ್ಟು ಬೀಳುವ ಅಪಾಯ ಹೆಚ್ಚುವುದು ಅದಕ್ಕಿಂತ ಮೇಲೆ ಹೋದಾಗ. ರಿಪೋರ್ಟ್‌ನಲ್ಲಿ ಎಎಲ್‌ಪಿ (ಲಿವರ್ ಪರೀಕ್ಷೆಯಲ್ಲಿ ನೋಡುವ ಒಂದು ಕಿಣ್ವ) ಒಂದೇ ಏರಿದ್ದರೆ ಗಾಬರಿಯಾಗಬೇಡಿ, ಈ ಗುಳಿಗೆ ತಿನ್ನುವ ಬಹಳಷ್ಟು ನಾಯಿಗಳಲ್ಲಿ ಅದು ಏರುತ್ತದೆ. ಲಿವರ್ ತಯಾರಿಸುವ ಪ್ರೋಟೀನ್ ಆಲ್ಬುಮಿನ್ ಇಳಿದಿದೆಯೇ, ಕಾಮಾಲೆಯ ಹಳದಿ ವಸ್ತು ಬಿಲಿರುಬಿನ್ ಏರಿದೆಯೇ ಎಂದು ಕೇಳಿ. ರಕ್ತವನ್ನು ಜೆಲ್ ಇರುವ ಟ್ಯೂಬ್‌ಗೆ ಹಾಕಿದರೆ ಜೆಲ್ ಔಷಧಿಯನ್ನು ಹೀರಿ ಮಟ್ಟ ಕಡಿಮೆ ತೋರಿಸಬಹುದು. ಮನುಷ್ಯರ ಲ್ಯಾಬ್‌ಗೆ ಕಳಿಸುವಾಗ ಇದನ್ನು ಬಾಯಿಬಿಟ್ಟು ಹೇಳಿ, ಜೆಲ್ ಇಲ್ಲದ ಟ್ಯೂಬ್ ಬಳಸಲಿ.

ಈ ಗುಳಿಗೆಯಿಂದ ಬಾಯಾರಿಕೆ, ಹಸಿವು, ಮೂತ್ರ ಹೆಚ್ಚಾಗುವುದು, ಮೊದಲ ಎರಡು ವಾರ ಹಿಂಗಾಲು ತಡಬಡಿಸುವುದು ಮಾಮೂಲು. ಹಸಿದಿದೆ ಎಂದು ಅನ್ನ ಸುರಿದರೆ ತೂಕ ಏರಿ ಡೋಸ್ ಲೆಕ್ಕವೇ ತಪ್ಪುತ್ತದೆ.

ಸ್ಟ್ರಿಪ್ ಮುಗಿಯಲು ಹತ್ತು ದಿನ ಇರುವಾಗಲೇ ಮುಂದಿನದು ತನ್ನಿ. ಈ ಗುಳಿಗೆ ಎಲ್ಲ ಮೆಡಿಕಲ್‌ನಲ್ಲೂ ಇರುವುದಿಲ್ಲ, ಚೀಟಿ ಇಲ್ಲದೆ ಕೊಡುವುದೂ ಇಲ್ಲ. 30ರ ಬದಲು 60ರದ್ದು ಕೊಟ್ಟಿದ್ದಾರೆಯೇ ಎಂದು ಅಂಗಡಿಯಲ್ಲೇ ಓದಿಕೊಳ್ಳಿ. ಒಂದು ಹೊತ್ತು ಮರೆತರೆ ನೆನಪಾದ ತಕ್ಷಣ ಕೊಡಿ, ಎರಡು ಡೋಸ್ ಒಟ್ಟಿಗೆ ಬೇಡ. ಚಿತ್ರದುರ್ಗದ ಹಿಂದೂ ಮಹಾಗಣಪತಿ ಮೆರವಣಿಗೆ, ದೀಪಾವಳಿ ಪಟಾಕಿ, ಇಂಥ ದಿನಗಳಲ್ಲೇ ಮನೆಯವರಿಗೆ ಗುಳಿಗೆ ಮರೆಯುತ್ತದೆ, ನಾಯಿಗೆ ಬೆದರಿಕೆಯೂ ಇರುತ್ತದೆ. ಮೊಬೈಲ್‌ನಲ್ಲಿ ಅಲಾರಂ ಇಡಿ, ನಾಯಿಯನ್ನು ಒಳಕೋಣೆಯಲ್ಲಿ ಬಿಡಿ.

ಮುಂದೆ ಡಾಕ್ಟರು ಪೊಟ್ಯಾಸಿಯಂ ಬ್ರೋಮೈಡ್ ಎಂಬ ಇನ್ನೊಂದು ಫಿಟ್ಸ್ ಔಷಧಿ ಸೇರಿಸಿದರೆ ನಮ್ಮೂರಿನವರು ವಿಶೇಷವಾಗಿ ನೆನಪಿಡಬೇಕಾದದ್ದು ಉಪ್ಪು. ಉಪ್ಪು ಹೆಚ್ಚಾದರೆ ಬ್ರೋಮೈಡ್ ಮೂತ್ರದಲ್ಲಿ ಬೇಗ ಹರಿದುಹೋಗಿ ಫಿಟ್ಸ್ ಮರಳುತ್ತದೆ, ಉಪ್ಪು ಇದ್ದಕ್ಕಿದ್ದಂತೆ ಕಡಿಮೆಯಾದರೆ ಔಷಧಿ ದೇಹದಲ್ಲೇ ಉಳಿದು ಅಮಲೇರುತ್ತದೆ. ಸಂಜೆ ಮನೆಯವರೆಲ್ಲ ಉಪ್ಪಿರುವ ಮಂಡಕ್ಕಿ ತಿನ್ನುವಾಗ ನಾಯಿಗೂ ಒಂದು ಹಿಡಿ ಎಸೆಯುವ ಅಭ್ಯಾಸ ಇದ್ದರೆ ಅವತ್ತೇ ಬಿಡಿಸಿ. ಮೈಗೆ ಹತ್ತುವ ಉಣ್ಣಿಗೆ ಕೊಡುವ ಗುಳಿಗೆಗಳಲ್ಲೂ ಬ್ರಾವೆಕ್ಟೋ, ನೆಕ್ಸ್‌ಗಾರ್ಡ್‌ ಗುಂಪಿನವು ಕೆಲವು ನಾಯಿಗಳಲ್ಲಿ ಫಿಟ್ಸ್ ತರಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಡಾಕ್ಟರನ್ನು ಕೇಳದೆ ತರಬೇಡಿ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಒತ್ತುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ಇಡುವುದು ಯಾವುದೂ ಬೇಡ. ನಾಯಿ ನಾಲಿಗೆ ನುಂಗುವುದಿಲ್ಲ, ಆದರೆ ನಿಮ್ಮ ಬೆರಳು ಕಚ್ಚಿಹೋಗುತ್ತದೆ. ಸರಪಳಿ ಬಿಚ್ಚಿ, ಮೆಟ್ಟಿಲು, ಕಟ್ಟೆ, ಸಂಪಿನ ಬಾಯಿಯಿಂದ ದೂರ ಎಳೆಯಿರಿ. ಗಡಿಯಾರ ನೋಡಿ, ಒಬ್ಬರು ವಿಡಿಯೋ ಮಾಡಲಿ. ಮೈ ಕಾದರೆ ಹೊಟ್ಟೆ, ಪಾದಗಳಿಗೆ ನಲ್ಲಿ ನೀರು ಸವರಿ ಫ್ಯಾನ್ ಹಾಕಿ, ಐಸ್ ಬೇಡ. ಎದ್ದ ಮೇಲೆ ಸ್ವಲ್ಪ ಹೊತ್ತು ಕಣ್ಣು ಕಾಣದಂತೆ ಗೋಡೆಗೆ ಹಾಯುತ್ತದೆ, ಮನೆಯವರನ್ನೂ ಗುರುತಿಸದೆ ಕಚ್ಚಬಹುದು. ಮಕ್ಕಳನ್ನು ದೂರ ಇಟ್ಟು, ಸರಿಯಾಗಿ ನಿಂತ ಮೇಲಷ್ಟೇ ನೀರು ಕೊಡಿ.

ಫಿಟ್ಸ್ 5 ನಿಮಿಷ ದಾಟಿದರೆ, ಅಥವಾ 24 ಗಂಟೆಯಲ್ಲಿ ಎರಡು ಬಾರಿ ಬಂದರೆ ತುರ್ತು. ಅದಕ್ಕೆ ಮನೆಯಲ್ಲಿ ಫಿಟ್ಸ್ ತಡೆಯುವ ಮಿಡಾಜೋಲಾಮ್ ಮೂಗಿನ ಸ್ಪ್ರೇ ಇರಲಿ. ಲೆಕ್ಕ ಕೆಜಿಗೆ 0.2 ಮಿ.ಗ್ರಾಂ, ಅಂದರೆ ನಿಮ್ಮದಕ್ಕೆ 3 ಮಿ.ಗ್ರಾಂ. ಒಂದು ಒತ್ತಿಗೆ ಎಷ್ಟು ಮಿ.ಗ್ರಾಂ ಬರುತ್ತದೆ ಎಂದು ಬಾಟಲಿಯಲ್ಲಿ ಬರೆದಿರುತ್ತದೆ. ಎಷ್ಟು ಒತ್ತಬೇಕೆಂದು ಡಾಕ್ಟರಿಂದ ಈಗಲೇ ಬರೆಸಿ ಬಾಟಲಿಗೆ ಅಂಟಿಸಿ. ದಾವಣಗೆರೆಯಿಂದ ರಾತ್ರಿ ಶಿವಮೊಗ್ಗ ಮುಟ್ಟಲು ಒಂದೂವರೆ ಗಂಟೆಯಾದರೂ ಬೇಕು, ದಾರಿಯಲ್ಲಿ ನಾಯಿಯನ್ನು ಉಳಿಸುವುದು ಈ ಸ್ಪ್ರೇ.

ನಾಟಿ ಪುಡಿಯ ವಿಷಯ: ಅದರಲ್ಲಿ ಏನಿದೆ ಎಂದು ಬರೆದಿಲ್ಲದಿದ್ದರೆ ಗುಳಿಗೆಯ ಜೊತೆಗೂ ಕೊಡಬೇಡಿ. ಈಗಾಗಲೇ ಒಂದೆರಡು ಹೊತ್ತು ಗುಳಿಗೆ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ಹೊತ್ತು ತಪ್ಪಿದೆ ಎಂದು ಮುಚ್ಚಿಡದೆ ಹೇಳಿ.